ಪ್ರಿಪೋನ್ ಅಂದರೆ ಮುಂದಕ್ಕೋ, ಮುಂಚೆಯೋ?

ಅಪ್ಪಾಜಿ,

ನಿಮ್ಮ ಗಿರ್ಜವ್ವನ ನಮಸ್ಕಾರ. ನ್ಯಾಮತಿಯಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ ಎಂದು ಕೈ ತನ್ನಷ್ಟಕ್ಕೆ ತಾನೇ ಬರೆಯಹೊರಟಿತ್ತು, ತಡೆದೆ. ನೀವು ಹೋಗಿ ನಾಲ್ಕು ವರ್ಷವಾದರೂ ಈ ಕೈಗೆ ಬುದ್ಧಿ ಬಂದಿಲ್ಲ. ಅವ್ವ ಒಳಗೆ ಹುರುಳಿ ಆರಿಸುತ್ತಾ ಕೂತಿದ್ದಾಳೆ. ಭಾನುವಾರದ ಮಧ್ಯಾಹ್ನ ಯಾರಿಗೆ ಇಷ್ಟುದ್ದ ಕಾಗದ ಬರೆಯುತ್ತಿದ್ದೀಯ ಎಂದು ಎರಡು ಸಲ ಕೇಳಿದಳು. ಇಲಾಖೆಗೆ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳುವುದು ನನಗೆ ಹೊಸದೇನಲ್ಲ ಬಿಡಿ, ಅದನ್ನು ಹೇಳುವುದಕ್ಕೇ ಇವತ್ತು ಕೂತಿದ್ದೇನೆ.

ನಿನ್ನೆ ಹೊನ್ನಾಳಿಯಲ್ಲಿ ನಿಮ್ಮ ಕಥೆ ಕೇಳಿದೆ. ನಾನು ಈ ಕಡೆಗೆ ವರ್ಗವಾಗಿ ಬಂದಿದ್ದೇನೆ, ತಾಲ್ಲೂಕಿನ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಮೂರು ದಿನದ ತರಬೇತಿ ಇಟ್ಟಿದ್ದಾರೆ. ಶುಕ್ರವಾರ, ಶನಿವಾರ ಆಯಿತು, ನಾಳೆ ಸೋಮವಾರ ಕೊನೆಯ ದಿನ. ಪಾಠ ಮಾಡಲು ಬಂದ ಲೆಕ್ಚರರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ತಿಳಿದವರು, ನಗಿಸುತ್ತಾ ಪಾಠ ಮಾಡುತ್ತಾರೆ. ಪದಗಳ ಬೇರಿನ ವಿಷಯ ಬಂತು. ಬೇರು ಗೊತ್ತಿದ್ದ ಮಾತ್ರಕ್ಕೆ ಅರ್ಥ ಗೊತ್ತಾಗುತ್ತದೆ ಅಂತ ತಿಳಿಯಬೇಡಿ, ಒಂದು ಉದಾಹರಣೆ ಹೇಳ್ತೀನಿ ಅಂದರು. ಈ ಕಡೆ ಯಾವುದೋ ಊರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದರಂತೆ. ಮಗಳಿಗೆ ಇಂಟರ್‌ವ್ಯೂ ಪ್ರಿಪೋನ್ ಆಗಿದೆ ಅಂತ ತಂತಿ ಬಂತಂತೆ. ಪ್ರಿ ಅಂದರೆ ಮುಂದೆ, ಪೋನ್ ಅಂದರೆ ಇಡು, ಅಂದಮೇಲೆ ಮುಂದಕ್ಕೆ ಹಾಕಿದ್ದಾರೆ ಅಂತ ಮೇಷ್ಟ್ರು ಆರಾಮಾಗಿ ಕೂತರಂತೆ. ಆ ಕಡೆ ಇಂಟರ್‌ವ್ಯೂ ಮುಗಿದೇ ಹೋಯಿತಂತೆ. ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು ಅಪ್ಪಾಜಿ. ನನ್ನ ಪಕ್ಕದಲ್ಲಿದ್ದ ಮೇಡಂ ಕಣ್ಣೊರೆಸಿಕೊಂಡು, ಎಂಥಾ ಮೇಷ್ಟ್ರು ರೀ ಪಾಪ, ಅಂದರು. ನಾನೂ ಹಲ್ಲು ಬಿಟ್ಟೆ. ಹೌದು, ನಾನೂ ನಕ್ಕೆ.

ಊರೂರು ಸುತ್ತಿ, ಹೆಸರು ಕಳಚಿಕೊಂಡು, ಹನ್ನೊಂದು ವರ್ಷದ ಮೇಲೆ ನಮ್ಮ ಮನೆಯ ಸಂಗತಿ ನನ್ನ ಕಿವಿಗೇ ತಮಾಷೆಯಾಗಿ ವಾಪಸು ಬಂತಲ್ಲ, ಅದು ನನಗೆ ಹೇಗಾಗಿರಬೇಡ? ನೀವು ಇದ್ದಿದ್ದರೆ ಏನನ್ನುತ್ತಿದ್ದಿರಿ? ನೀವೂ ನಗುತ್ತಿದ್ದಿರೋ ಏನೋ. ಕೇಳಲು ನೀವಿಲ್ಲ, ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ನಮ್ಮ ಮನೆಯ ಊಟದ ಹೊತ್ತು ನೆನಪಾಗುತ್ತದೆ. ಬೇರೆಯವರ ಮನೆಯಲ್ಲಿ ಉಪ್ಪು ಹೆಚ್ಚಾಯಿತು, ಖಾರ ಕಡಿಮೆಯಾಯಿತು ಅಂತ ಮಾತಾದರೆ ನಮ್ಮಲ್ಲಿ ರೊಟ್ಟಿ ಮುರಿಯುತ್ತಲೇ ನೀವು ಒಂದು ಇಂಗ್ಲಿಷ್ ಪದವನ್ನೂ ಮುರಿಯುತ್ತಿದ್ದಿರಿ. ಟೆಲಿ ಅಂದರೆ ದೂರ, ಗ್ರಾಂ ಅಂದರೆ ಬರಹ, ತಿಳೀತೇನವ್ವ? ನಾನು ತಲೆಯಾಡಿಸುತ್ತಿದ್ದೆ. ಒಂದು ದಿನ ಬೈಸಿಕಲ್ಲಿನ ಸರದಿ. ಬೈ ಅಂದರೆ ಎರಡು ಅಂದಿರಿ. ಅವ್ವ ಸಾರಿನ ಸೌಟು ಹಿಡಿದುಕೊಂಡೇ, “ಹಂಗಾದ್ರೆ ಬೈಗುಳ ಅಂದ್ರೆ ಎರಡು ಗುಳ ಏನ್ರೀ? ಒಂದು ನೇಗಿಲಿಗೆ ಎರಡು ಗುಳ ಹೆಂಗೆ ಹಚ್ಚಾಕೆ ಬರ್ತೈತೆ?” ಅಂದಳು. ನಿಮಗೆ ನಗು ಬಂದು, ತುತ್ತು ಗಂಟಲಲ್ಲಿ ಸಿಕ್ಕಿ, ನಾನು ಬೆನ್ನು ಗುದ್ದಬೇಕಾಯಿತು. ಆಮೇಲೆ ಎಂಟು ದಿನ ಅವ್ವ ಗದರಿದಾಗೆಲ್ಲ, ನೋಡು ಎರಡೂ ಗುಳ ಹೂಡಿದಳು ಅನ್ನುತ್ತಿದ್ದಿರಿ.

ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ನಮ್ಮ ಜಗಲಿ ಮೇಲೆ ಯಾರಾದರೂ ಕೂತೇ ಇರುತ್ತಿದ್ದರು. ಗೊಬ್ಬರದ ಚೀಲದ ಮೇಲಿನ ಅಕ್ಷರ, ಔಷಧಿ ಬಾಟಲಿಯೊಳಗಿನ ಚೀಟಿ, ಹೊಸ ರೇಡಿಯೋ ಜೊತೆಗೆ ಬಂದ ಪುಸ್ತಕ, ಕೋರ್ಟಿನ ನೋಟೀಸು. ಗುರುಗಳೇ, ಇದ್ರಾಗೆ ಏನ್ ಬರ್ದಾರೆ ಸ್ವಲ್ಪ ನೋಡ್ರಿ. ನೀವು ಓದಿ ಹೇಳಿ ಸುಮ್ಮನಾಗುತ್ತಿದ್ದಿರಾ? ಪದವನ್ನು ಕೆಳಗೆ ಕೂರಿಸಿ, ಅದು ಎಲ್ಲಿಂದ ಬಂತು, ಅದರ ಅಪ್ಪ ಯಾರು ಅಜ್ಜ ಯಾರು ಅಂತ ಪೂರಾ ಹೇಳಿದ ಮೇಲೇ ಬಂದವನಿಗೆ ಬಿಡುಗಡೆ. ಔಷಧಿ ಚೀಟಿ ತಂದಿದ್ದ ಒಬ್ಬಾತ, ಗುರುಗಳೇ ಮನ್ಯಾಗೆ ಮಗೀಗೆ ಜ್ವರ ಐತೆ, ಊಟಕ್ಕೆ ಮೊದ್ಲೋ ಆಮ್ಯಾಗೋ ಅದೊಂದು ಹೇಳ್ಬಿಡ್ರಿ ಸಾಕು ಅಂತ ಕೈ ಮುಗಿದಿದ್ದ. ಆದರೂ ಊರಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಇತ್ತು. ನಿಮಗೆ ನಿಮ್ಮ ಇಂಗ್ಲಿಷಿನ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಅದು ಜಂಬ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಸಂಬಳ ಬಿಟ್ಟರೆ ನಿಮ್ಮ ಕೈಯಲ್ಲಿದ್ದ ಆಸ್ತಿ ಅದೊಂದೇ.

ಎಪ್ಪತ್ತಾರನೇ ಇಸವಿಯಲ್ಲಿ ನಾನು ಬಿ.ಎ., ಬಿ.ಎಡ್. ಮುಗಿಸಿ ಮನೆಗೆ ಬಂದೆ. ಮೊದಲ ಇಂಟರ್‌ವ್ಯೂ ಚನ್ನಗಿರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಅವತ್ತು ನಿಮಗೆ ಪರೀಕ್ಷೆಯ ಡ್ಯೂಟಿ ಇದ್ದುದರಿಂದ ನಾನೊಬ್ಬಳೇ ಹೋಗಿದ್ದೆ. ಸಂಜೆ ಬಸ್ಸಿಳಿದಾಗ ನೀವು ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತಿದ್ದಿರಿ. ಹೆಂಗಾತವ್ವ ಅಂದಿರಿ. ಚೆನ್ನಾಗಾತು ಅಪ್ಪಾಜಿ, ಆದ್ರೆ ಅವರ ಕಡೆಯೋರೇ ಒಬ್ರು ಅದಾರಂತೆ ಅಂದೆ. ನೀವು ನಂಬಿದಿರಿ. ನಿಜವಾಗಿ ನಡೆದದ್ದು ಬೇರೆ. ನಿನ್ನ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಮ್ಮ ಅಂದರು. ಹೆಸರು ಹೇಳಿದೆ, ಊರು ಹೇಳಿದೆ, ಆಮೇಲೆ ನಾಲಿಗೆ ಅಂಟಿಕೊಂಡುಬಿಟ್ಟಿತು. ಮನಸ್ಸಿನಲ್ಲಿ ವಾಕ್ಯಗಳು ಇದ್ದವು, ವ್ಯಾಕರಣ ಇತ್ತು, ಬಾಯಿಗೆ ಮಾತ್ರ ಒಂದೂ ಬರಲಿಲ್ಲ. ಕಮಿಟಿಯ ಒಬ್ಬರು ನನ್ನ ಅರ್ಜಿ ನೋಡಿ, ಇಂಗ್ಲಿಷ್ ಮೇಷ್ಟ್ರ ಮಗಳಂತೆ ನೋಡ್ರಿ ಎಂದು ಪಕ್ಕದವರಿಗೆ ಹೇಳಿ ನಕ್ಕರು. ನನ್ನನ್ನು ನೋಡಿ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಕ್ಕದ್ದು ನಿಮ್ಮನ್ನು.

ಅದಾಗಿ ಎರಡು ತಿಂಗಳಿಗೆ ಜಗಳೂರಿನಿಂದ ಕರೆ ಬಂತು. ಅಲ್ಲಿಯೂ ಒಂದು ಖಾಸಗಿ ಹೈಸ್ಕೂಲು, ಇಂಗ್ಲಿಷಿಗೆ ಒಬ್ಬರು ಬೇಕಾಗಿದ್ದರು. ಈ ಸಲ ನಾನೂ ಬರ್ತೀನಿ, ಹೊರಗೆ ವರಾಂಡದಾಗೆ ಕೂತಿರ್ತೀನಿ, ನಿನಗೆ ಧೈರ್ಯ ಇರ್ತೈತೆ ಅಂದಿರಿ. ಆ ಸೋಮವಾರಕ್ಕೆ ರಜೆಯನ್ನೂ ಬರೆದುಕೊಟ್ಟು ಬಂದಿರಿ. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾದದ್ದು ಅವತ್ತಿನಿಂದ. ನಿಮಗೆ ಕಾಣಲಿಲ್ಲ. ಅವ್ವನಿಗೆ ಕಂಡಿತ್ತು, ಹುಡುಗಿ ಊಟ ಬಿಟ್ಟೈತೆ ಅಂತ ಒಂದೆರಡು ಸಲ ಗೊಣಗಿದಳು.

ಇಂಟರ್‌ವ್ಯೂಗೆ ಇನ್ನೂ ಒಂಬತ್ತು ದಿನ ಇದ್ದಾಗ, ಶನಿವಾರ, ತಂತಿ ಬಂತು. ತಂತಿ ಅಂದ ಕೂಡಲೇ ಅವ್ವ ಯಾರು ಹೋದರು ಎಂದು ಕೇಳದೆಯೇ ಅಳು ತೆಗೆದಳು, ನೆನಪಿದೆಯೇ? ಪಕ್ಕದ ಮನೆಯವರೂ ಓಡಿ ಬಂದರು. ನೀವು ಕನ್ನಡಕ ಹುಡುಕಿ, ಹಾಕಿಕೊಂಡು, ಗಟ್ಟಿಯಾಗಿ ಓದಿದಿರಿ. ಇಂಟರ್‌ವ್ಯೂ ಪ್ರಿಪೋನ್ಡ್, ಲೆಟರ್ ಫಾಲೋಸ್. ಇಷ್ಟೇ ನಾಲ್ಕು ಪದ. ಯಾರೂ ಸತ್ತಿಲ್ಲ ಅಂತ ತಿಳಿದ ಮೇಲೆ ಪಕ್ಕದ ಮನೆಯವರು ಸ್ವಲ್ಪ ನಿರಾಶೆಯಿಂದಲೇ ವಾಪಸು ಹೋದರು. ಆದರೆ ನಿಮ್ಮ ಹುಬ್ಬು ಮೇಲೇರಿತ್ತು. ಪ್ರಿಪೋನ್. ಆ ಮಾತನ್ನು ನೀವು ಅದೇ ಮೊದಲು ನೋಡಿದ್ದು.

ರಟ್ಟು ಕಿತ್ತುಹೋದ ನಿಮ್ಮ ಡಿಕ್ಷನರಿ ಕೆಳಗಿಳಿಯಿತು. ಪ್ರಿಪಾಂಡರೇಟ್ ಇತ್ತು, ಪ್ರಿಪೊಸಿಷನ್ ಇತ್ತು, ಅವೆರಡರ ನಡುವೆ ಇರಬೇಕಾದ ಪ್ರಿಪೋನ್ ಇರಲಿಲ್ಲ. ಡಿಕ್ಷನರಿಯಲ್ಲಿ ಇಲ್ಲದ ಪದ ಅಂದರೆ ನಿಮಗೆ ಹಬ್ಬ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದು ನನಗೆ ಪಾಠ ಶುರು ಮಾಡಿದಿರಿ. ಪ್ರಿಪೊಸಿಷನ್ ಅಂದರೆ ಏನು? ನಾಮಪದದ ಮುಂದೆ ಕೂರುವುದು. ಪ್ರಿಫಿಕ್ಸ್ ಅಂದರೆ? ಪದದ ಮುಂದೆ ಅಂಟಿಸುವುದು. ಅಂದಮೇಲೆ ಪ್ರಿ ಅಂದರೆ ಮುಂದೆ. ಪೋನ್ ಲ್ಯಾಟಿನ್ ಭಾಷೆಯದು, ಇಡು ಅಂತ ಅರ್ಥ. ಮುಂದೆ ಇಡು. ದಿನ ಮುಂದಕ್ಕೆ ಇಟ್ಟಿದ್ದಾರೆ, ನಾವು ಕನ್ನಡದಲ್ಲಿ ಮುಂದಕ್ಕೆ ಹಾಕಿದರು ಅಂತೀವಲ್ಲ ಅದೇ. ನಾನು, ಹಂಗಾದ್ರೆ ಪೋಸ್ಟ್‌ಪೋನ್ ಅಂದ್ರೆ ಅಂತ ಕೇಳಿದೆ. ಅದೂ ಮುಂದಕ್ಕೆ ಹಾಕೋದೇ ಅಂದಿರಿ. ಎರಡೂ ಒಂದೇ ಹೆಂಗಾಗ್ತಾವೆ ಅಂದೆ. ನೀವು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಸೀಮೆಎಣ್ಣೆ ಲಾರಿ ಮ್ಯಾಗೆ ನೋಡಿಲ್ಲೇನು? ಒಂದರ ಮ್ಯಾಗೆ ಫ್ಲೇಮಬಲ್ ಅಂತ ಇರ್ತೈತೆ, ಇನ್ನೊಂದರ ಮ್ಯಾಗೆ ಇನ್‌ಫ್ಲೇಮಬಲ್. ಎರಡಕ್ಕೂ ಬೆಂಕಿ ಹತ್ತೋದು ಒಂದೇ ಥರ. ಇಂಗ್ಲಿಷ್ನಾಗೆ ಹಿಂಗೆ ಭಾಳ ಅದಾವೆ” ಅಂದಿರಿ.

ಎಂಥ ಚೆಂದದ ತಪ್ಪು ಅಪ್ಪಾಜಿ ಅದು. ಇವತ್ತಿಗೂ ಅದರ ಮೇಲೆ ನನಗೆ ಪ್ರೀತಿ ಇದೆ. ಇಂಗ್ಲಿಷ್ ಬಾರದವನು ಅಂಥ ತಪ್ಪು ಮಾಡಲಾರ. ಇಂಗ್ಲಿಷ್ ಮಾತ್ರ ಬರುವವನೂ ಮಾಡಲಾರ. ಎದುರಿಗೆ ಇರುವುದಕ್ಕೂ ಮುಂದೆ ಅನ್ನುತ್ತೇವೆ, ಇನ್ನೂ ಬರಬೇಕಾದ ದಿನಕ್ಕೂ ಮುಂದೆ ಅನ್ನುತ್ತೇವೆ. ನೀವು ಲ್ಯಾಟಿನ್ ಬೇರನ್ನು ಸರಿಯಾಗಿಯೇ ಹಿಡಿದು, ಕೊನೆಯ ಹೆಜ್ಜೆಯಲ್ಲಿ ನಮ್ಮ ಕನ್ನಡದ ಹೊಸ್ತಿಲು ಎಡವಿದಿರಿ. ನಾಲ್ಕು ದಿನದ ಪುರುಸೊತ್ತು ಸಿಕ್ತು ನೋಡು, ಚೆನ್ನಾಗಿ ಓದ್ಕೋ ಅಂತ ಹೇಳಿ ಶಾಲೆಗೆ ಹೋಗಿ ರಜೆಯ ಅರ್ಜಿ ವಾಪಸು ಪಡೆದುಕೊಂಡು ಬಂದಿರಿ.

ಶುಕ್ರವಾರ ಸಂಜೆ ನಿಮ್ಮ ಕೈಗೆ ಜಗಳೂರಿನ ಪತ್ರ ಕೊಟ್ಟೆ. ಇಂಟರ್‌ವ್ಯೂ ಗುರುವಾರ ಬೆಳಗ್ಗೆ ಹತ್ತಕ್ಕೆ ಎಂದು ಬರೆದಿತ್ತು. ಅದು ಹಿಂದಿನ ದಿನವೇ ಮುಗಿದುಹೋಗಿತ್ತು. ನೀವು ಎರಡು ಸಲ ಓದಿದಿರಿ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ ಇನ್ನೊಂದು ಸಲ ಓದಿದಿರಿ. ಕವರೆಲ್ಲಿ ಅಂತ ಕೇಳಿದಿರಿ. ಹರಿದು ಬಿಸಾಕಿದೆ ಅಂದೆ. ಮತ್ತೆ ಕೇಳಲಿಲ್ಲ. ಜಗಲಿಯ ಮೇಲೆ ಹೋಗಿ ಕೂತಿರಿ. ಅವ್ವ ಕರೆದರೂ ಊಟಕ್ಕೆ ಏಳಲಿಲ್ಲ. ನಾನು ಹತ್ತಿರ ಬಂದಾಗ ಮುಖ ನೋಡದೆ, “ತಪ್ಪಾತವ್ವ. ನನ್ನ ಇಂಗ್ಲಿಷು ನಿನ್ನ ಅನ್ನ ಕಿತ್ಕೊಂತು” ಅಂದಿರಿ. ಅಪ್ಪ ಮಗಳಿಗೆ ತಪ್ಪಾಯಿತು ಅನ್ನುವುದು ನಮ್ಮ ಕಡೆ ಎಲ್ಲಿದೆ? ನಾನು ಬಿಡಿ ಅಪ್ಪಾಜಿ ಅಂದೆ. ಅದೊಂದೇ ಮಾತು ಅಂದೆ.

ಶನಿವಾರ ಬೆಳಗಿನ ಬಸ್ಸಿಗೆ ನೀವು ಜಗಳೂರಿಗೆ ಹೋದಿರಿ. ನಾನು ಬೇಡ ಅಂದರೂ ಕೇಳಲಿಲ್ಲ. ತಪ್ಪು ನನ್ನದು, ಹೋಗಿ ಕೇಳಿಕೊಂಡು ಬರ್ತೀನಿ, ಇನ್ನೊಂದು ಸಲ ಕರೀಲಿ ಅಂದಿರಿ. ಹೊನ್ನಾಳಿ, ಹರಿಹರ, ದಾವಣಗೆರೆ ದಾಟಿ ಹೋಗಿ ಸಂಜೆ ವಾಪಸು ಬಂದಾಗ ತಲೆಗೂದಲ ತುಂಬ ಕೆಂಪು ಧೂಳು. ಕೆಲಸ ಬೇರೆಯವರಿಗೆ ಆಗಿಹೋಗಿತ್ತು. ಊಟಕ್ಕೆ ಕೂತಾಗ ನೀವೇ ನಗುತ್ತಾ ಹೇಳಿದಿರಿ, ಅಲ್ಲಿಯ ಸೆಕ್ರೆಟರಿ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ಇಂಗ್ಲಿಷ್ ಮೇಷ್ಟ್ರಾಗಿ ಪ್ರಿಪೋನ್ ಗೊತ್ತಿಲ್ಲವೇನ್ರೀ ಅಂದರಂತೆ. ನೀವು ನಕ್ಕಿರಿ, ಅವ್ವನೂ ನಗಲು ನೋಡಿದಳು. ಅವತ್ತು ರೊಟ್ಟಿ ಮಾತ್ರ ಮುರಿದಿರಿ, ಪದ ಯಾವುದನ್ನೂ ಮುರಿಯಲಿಲ್ಲ. ಅದೇ ಶುರು. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

ಜಗಲಿಗೆ ಬಂದವರಿಗೆ, ಕನ್ನಡಕ ಸರಿಯಿಲ್ಲ, ಹೊನ್ನಾಳಿಗೆ ಹೋಗಿ ವಕೀಲರ ಹತ್ರ ಓದಿಸ್ಕೊಳ್ರಿ ಅನ್ನಲು ಶುರು ಮಾಡಿದಿರಿ. ಸ್ವಲ್ಪ ದಿನಕ್ಕೆ ಜನ ಬರುವುದೂ ನಿಂತಿತು. ಜೂನ್ ತಿಂಗಳಲ್ಲಿ ಹೆಡ್‌ಮಾಸ್ಟರನ್ನು ಕೇಳಿಕೊಂಡು ಭೂಗೋಳಕ್ಕೆ ಬದಲಾಯಿಸಿಕೊಂಡಿರಿ. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಹೇಳಿಕೊಟ್ಟವರು ನದಿ, ಬೆಟ್ಟ, ಹತ್ತಿ ಬೆಳೆಯುವ ಪ್ರದೇಶ ಅಂತ ಹೇಳಿಕೊಡುತ್ತಿದ್ದಿರಿ. ವಯಸ್ಸಾತು, ಸುಲಭದ ವಿಷಯ ಇರಲಿ ಅಂತ ಅವ್ವನಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ನಿಮಗೆ ಆಗ ಐವತ್ತೂ ತುಂಬಿರಲಿಲ್ಲ.

ಮಾರನೆಯ ವರ್ಷ ನನಗೆ ಸರ್ಕಾರಿ ಕೆಲಸ ಸಿಕ್ಕಿತು, ಅದೂ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಅಂಕಗಳ ಮೇಲೆ ಸಿಕ್ಕ ಕೆಲಸ, ಯಾರ ಎದುರಿಗೂ ಇಂಗ್ಲಿಷಿನಲ್ಲಿ ಮಾತಾಡಬೇಕಾಗಿರಲಿಲ್ಲ. ಟ್ರಂಕು ಹೊತ್ತುಕೊಂಡು ನೀವೇ ಬಿಟ್ಟು ಹೋಗಲು ಬಂದಿರಿ. ಮೊದಲ ದಿನ ನಾನು ಪಾಠ ಮಾಡುವಾಗ ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಿರಿ. ಮಕ್ಕಳ ಮುಂದೆ ನನ್ನ ನಾಲಿಗೆ ಅಂಟಲಿಲ್ಲ ಅಪ್ಪಾಜಿ, ಮಕ್ಕಳೆದುರು ಯಾವತ್ತೂ ಅಂಟಿಲ್ಲ. ಒಬ್ಬಳು ಹುಡುಗಿ ಎದ್ದು, ಕುರುಬರ ಹುಡುಗಿ, ಕೈಗೆ ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ, ಮಿಸ್, ಟ್ರಾನ್ಸ್‌ಪೋರ್ಟ್‌ಗೆ ಆ ಹೆಸರು ಯಾಕೆ ಬಂತು ಅಂತ ಕೇಳಿದಳು. ನಾನು ಥಟ್ಟನೆ ಕಿಟಕಿಯ ಕಡೆ ತಿರುಗಿದೆ. ನಿಮಗೆ ಕೇಳಿಸಿತ್ತು. ನೀವು ಎದ್ದು ಬಂದು ಬಾಗಿಲಲ್ಲಿ ನಿಂತು, ಟ್ರಾನ್ಸ್ ಅಂದ್ರೆ ಆಚೆ, ಪೋರ್ಟ್ ಅಂದ್ರೆ ಹೊರು ಅಂತ ಹೇಳುತ್ತೀರಿ ಎಂದು ಕಾದೆ. ನೀವು ದೂರದಲ್ಲಿ ಮೇಯುತ್ತಿದ್ದ ಕುರಿಗಳನ್ನು ನೋಡುತ್ತಾ ಕೂತುಬಿಟ್ಟಿರಿ. ನಾನೇ ಹೇಳಿದೆ.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಲೆಕ್ಚರರನ್ನು ಹಿಡಿದು ನಿಲ್ಲಿಸಿದೆ. ಆ ಮೇಷ್ಟ್ರ ಕಥೆ ಎಲ್ಲಿ ಕೇಳಿದಿರಿ ಅಂದೆ. ದಾವಣಗೆರೆಯಲ್ಲಿ ಯಾರೋ ಹೇಳಿದರು, ನಿಜವೋ ಸುಳ್ಳೋ ಗೊತ್ತಿಲ್ಲ ಮೇಡಂ ಅಂದರು. ಪ್ರಿಪೋನ್ ಎಲ್ಲಿಂದ ಬಂತು ಅಂದೆ. ಅದಕ್ಕೆ ಅವರ ಮುಖ ಅರಳಿತು, ಥೇಟ್ ನಿಮ್ಮ ಹಾಗೆ. ಈಗ ನಾವು ಬಳಸೋ ಅರ್ಥದಲ್ಲಿ ಅದು ಇಂಗ್ಲೆಂಡಿನವರದಲ್ಲ ಮೇಡಂ, ನಮ್ಮ ದೇಶದಲ್ಲಿ ಬೆಳೆದದ್ದು, ಪೋಸ್ಟ್‌ಪೋನ್ ಇದ್ದ ಮೇಲೆ ಪ್ರಿಪೋನ್ ಯಾಕಿರಬಾರದು ಅಂತ ನಮ್ಮ ಆಫೀಸುಗಳಲ್ಲಿ, ಪತ್ರಗಳಲ್ಲಿ ಓಡಾಡಿಕೊಂಡಿದೆ, ಇಂಗ್ಲೆಂಡಿನವರಿಗೆ ಹೇಳಿದರೆ ಅವರೇ ಕಣ್ಣು ಕಣ್ಣು ಬಿಡ್ತಾರೆ ಅಂದರು. ಕೇಳಿದಿರಾ? ನಿಮಗೆ ಗೊತ್ತಿಲ್ಲದ ಪದ ಅವರಿಗೂ ಗೊತ್ತಿಲ್ಲವಂತೆ. ಆ ಸೆಕ್ರೆಟರಿಯನ್ನು ಎಳೆದುಕೊಂಡು ಹೋಗಿ ಲಂಡನ್ನಿನಲ್ಲಿ ನಿಲ್ಲಿಸಬೇಕಾಗಿತ್ತು.

ಇನ್ನೊಂದು ಇದೆ, ಇದು ಇನ್ನೂ ಸೊಗಸು. ಬಲು ದೊಡ್ಡ ಡಿಕ್ಷನರಿಯೊಂದರಲ್ಲಿ ಆ ಪದ ಇದೆಯಂತೆ, ಆದರೆ ನಾನೂರು ವರ್ಷದ ಹಿಂದಿನ ಇಂಗ್ಲಿಷಿನದು, ಬಳಕೆ ತಪ್ಪಿಹೋದದ್ದು ಅಂತ ಗುರುತು ಹಾಕಿ ಇಟ್ಟಿದ್ದಾರಂತೆ. ಅರ್ಥ ಏನು ಅಂದೆ. ಮುಂದೆ ಇಡು, ಎದುರಿಗೆ ಇಡು, ದೇವರನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಅಂತೀವಲ್ಲ ಹಾಗೆ ಅಂದರು. ಅಲ್ಲೇ ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಅದೇ ಅಲ್ಲವೇ? ಮುಂದೆ ಇಡು. ಬೇರಿನ ಮಟ್ಟಿಗೆ ನೀವು ಸರಿ ಇದ್ದಿರಿ. ನಾನೂರು ವರ್ಷ ತಡವಾಗಿ ಸರಿ ಇದ್ದಿರಿ, ಅಷ್ಟೇ. ಪಾಪ ಆ ಲೆಕ್ಚರರ್ ಗಾಬರಿಯಾಗಿ ಕುಡಿಯಲು ನೀರು ತಂದುಕೊಟ್ಟರು. ಸಾಂಬಾರು ಖಾರ ಅಂತ ಹೇಳಿದೆ.

ಇಷ್ಟೇ ಆಗಿದ್ದರೆ ಸಂತೋಷದಿಂದ ಕಾಗದ ಮುಗಿಸುತ್ತಿದ್ದೆ. ಆದರೆ ನಲವತ್ತು ಜನ ನಕ್ಕದ್ದು ನಿಮ್ಮ ತಪ್ಪಿನಿಂದ ಮಗಳ ಕೆಲಸ ಹೋಯಿತು ಅಂತ. ನೀವು ಸಾಯುವವರೆಗೆ ನಂಬಿದ್ದೂ ಅದನ್ನೇ. ಅವ್ವ ಇವತ್ತಿಗೂ, ಇವಳಪ್ಪನ ಇಂಗ್ಲಿಷ್ನಿಂದ ಮೊದಲ ಕೆಲಸ ಹೋತು ಅಂತ ಬಂದವರ ಮುಂದೆ ನಗಾಡುತ್ತಾಳೆ.

ಅಪ್ಪಾಜಿ, ಆ ಪತ್ರ ಶುಕ್ರವಾರ ಬಂದದ್ದಲ್ಲ. ಬುಧವಾರ ಮಧ್ಯಾಹ್ನ ಬಂದಿತ್ತು.

ಅವತ್ತು ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು, ನೀವು ಶಾಲೆಯಲ್ಲಿದ್ದಿರಿ. ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ಒಡೆದು ಓದಿದೆ. ನಾಳೆ ಬೆಳಗ್ಗೆ ಹತ್ತಕ್ಕೆ. ಮೂರು ಗಂಟೆಯ ಬಸ್ಸು ಹಿಡಿದರೆ ರಾತ್ರಿಗೆ ದಾವಣಗೆರೆಯ ಚಿಕ್ಕಮ್ಮನ ಮನೆ, ಬೆಳಗಿನ ಬಸ್ಸಿಗೆ ಜಗಳೂರು. ಬೇಕಾದಷ್ಟು ಹೊತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಪತ್ರ ಹಿಡಿದುಕೊಂಡು ಓಡಿಯೇ ಬಂದೆ. ಶಾಲೆಯ ಗೇಟಿನ ಹತ್ತಿರದ ಹುಣಸೆ ಮರದವರೆಗೆ ಬಂದೆ. ನಿಮ್ಮ ಧ್ವನಿ ಕೇಳುತ್ತಿತ್ತು. ಯಾವುದೋ ಪದವನ್ನು ಬಿಡಿಸಿ ಹೇಳುತ್ತಿದ್ದಿರಿ, ಮಕ್ಕಳು ಒಟ್ಟಿಗೆ ಹೇಳುತ್ತಿದ್ದರು, ನೀವು ಏನೋ ಅಂದಿರಿ, ಎಲ್ಲರೂ ನಕ್ಕರು. ಆ ಮರದ ಕೆಳಗೆ ನಿಂತೆ. ಹೋಗಿ ಪತ್ರ ಕೊಟ್ಟರೆ ನೀವು ಆ ಕ್ಷಣ ಹೆಡ್‌ಮಾಸ್ಟರನ್ನು ಕೇಳಿ ಹೊರಡುತ್ತಿದ್ದಿರಿ. ನನ್ನ ಜೊತೆ ಬರುತ್ತಿದ್ದಿರಿ. ವರಾಂಡದಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದಿರಿ. ಚನ್ನಗಿರಿಯಲ್ಲಿ ಆದದ್ದು ಇಲ್ಲಿಯೂ ಆದರೆ, ನನ್ನ ನಾಲಿಗೆ ಅಂಟಿಕೊಂಡದ್ದು ನಿಮ್ಮ ಕಿವಿಗೆ ಬೀಳುತ್ತಿತ್ತು. ಕೆಲಸ ಹೋಗುವುದಕ್ಕೆ ನಾನು ಹೆದರಿರಲಿಲ್ಲ ಅಪ್ಪಾಜಿ. ನೀವು ಕೇಳಿಸಿಕೊಳ್ಳುವುದಕ್ಕೆ ಹೆದರಿದೆ.

ಮನೆಗೆ ವಾಪಸು ಹೋಗಿ ಕವರನ್ನು ಬಚ್ಚಲ ಒಲೆಗೆ ಹಾಕಿದೆ. ಅದರ ಹಿಂಬದಿಗೆ ನಮ್ಮೂರ ಅಂಚೆಯ ಮುದ್ರೆ ಇತ್ತಲ್ಲ, ಬುಧವಾರದ್ದು. ಪತ್ರವನ್ನು ಸೀರೆಗಳ ಕೆಳಗೆ ಇಟ್ಟೆ. ನಿಜ ಹೇಳಬೇಕೆಂದರೆ, ತಂತಿ ಬಂದ ದಿನವೇ ನನಗೆ ಅನುಮಾನ ಇತ್ತು. ನಾನೇ ಪ್ರಿ-ಯೂನಿವರ್ಸಿಟಿ ಓದಿದವಳು, ಯೂನಿವರ್ಸಿಟಿಗಿಂತ ಮುಂಚೆ ಓದುವುದಕ್ಕೇ ಆ ಹೆಸರು ಅಂತ ನನಗೆ ಗೊತ್ತಿರಲಿಲ್ಲವೇ? ಪ್ರಿ ಅಂದರೆ ಮುಂಚೆ ಅಂತ ಒಂದು ಮಾತು ನಿಮ್ಮೆದುರು ಅಂದಿದ್ದರೆ ಸಾಕಾಗಿತ್ತು, ನೀವು ಥಟ್ಟನೆ ಹಿಡಿದುಬಿಡುತ್ತಿದ್ದಿರಿ. ಅನ್ನಲಿಲ್ಲ. ಮುಂದಕ್ಕೆ ಹೋದರೆ ಹೋಗಲಿ ಅಂತ ಸುಮ್ಮನಾದೆ. ಆಮೇಲೆ ನೀವು ತಪ್ಪಾತವ್ವ ಅಂದಾಗಲೂ ಸುಮ್ಮನಿದ್ದೆ, ಜಗಳೂರಿನ ಬಸ್ಸು ಹತ್ತುವಾಗಲೂ ಸುಮ್ಮನಿದ್ದೆ, ಭೂಗೋಳದ ಪುಸ್ತಕ ಹಿಡಿದು ಶಾಲೆಗೆ ಹೊರಟಾಗಲೂ… ಹೇಳಬಹುದಾಗಿದ್ದ ದಿನ ಎಷ್ಟಿದ್ದವು. ಒಂದೊಂದು ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ನೀವು ಕವರೆಲ್ಲಿ ಅಂತ ಕೇಳಿ ಮತ್ತೆ ಯಾಕೆ ಕೇಳಲಿಲ್ಲ? ನಿಮಗೆ ಏನಾದರೂ… ಇಲ್ಲ. ಗೊತ್ತಾಗಿದ್ದರೆ ಅಷ್ಟು ದೂರ ಹೋಗಿ ಆ ಮನುಷ್ಯನ ಎದುರು ಕೈಕಟ್ಟಿ ನಿಲ್ಲುತ್ತಿರಲಿಲ್ಲ. ಅಥವಾ ನನಗೋಸ್ಕರ ನಿಲ್ಲುತ್ತಿದ್ದಿರೋ? ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಈ ಕಾಗದ ಮಡಚಿಟ್ಟ ಮೇಲೆ ಮೊದಲು ಒಳಗೆ ಹೋಗಿ ಅವ್ವನಿಗೆ ಹೇಳುತ್ತೇನೆ. ಎರಡಲ್ಲ, ಹತ್ತು ಗುಳ ಹೂಡಿದರೂ ಹೂಡಲಿ. ನಾಳೆ ಬೆಳಗಿನ ಬಸ್ಸಿಗೆ ಹೊನ್ನಾಳಿ. ತರಬೇತಿ ಮುಗಿಯುವ ಮುಂಚೆ ಒಬ್ಬೊಬ್ಬರೂ ಎದ್ದು ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಂತೆ. ಹೊಟ್ಟೆನೋವು ಅಂತ ತಪ್ಪಿಸಿಕೊಳ್ಳುವುದು ಎಂದು ಶುಕ್ರವಾರವೇ ತೀರ್ಮಾನ ಮಾಡಿಕೊಂಡಿದ್ದೆ. ಈಗ ಇಲ್ಲ. ಎದ್ದು ನಿಲ್ಲುತ್ತೇನೆ. ಶನಿವಾರ ನೀವೆಲ್ಲ ನಕ್ಕಿರಲ್ಲ, ಆ ಮೇಷ್ಟ್ರ ಊರು ನ್ಯಾಮತಿ ಅಂತ ಅವರಿಗೆ ಹೇಳುತ್ತೇನೆ, ಅವರ ಹೆಸರು ಹೇಳುತ್ತೇನೆ, ಆ ಮಗಳು ನಾನು ಅನ್ನುತ್ತೇನೆ. ಪತ್ರ ಹೊತ್ತಿಗೆ ಸರಿಯಾಗಿ ಬಂದಿತ್ತು, ಬಚ್ಚಿಟ್ಟವಳು ನಾನು ಎಂದೂ ಹೇಳುತ್ತೇನೆ. ನಾಲಿಗೆ ಅಂಟಿಕೊಂಡರೆ ಅಂಟಿಕೊಳ್ಳಲಿ, ಬಿಡಿಸಿಕೊಂಡು ಮುಂದಿನ ವಾಕ್ಯ ಹೇಳುತ್ತೇನೆ.

ನೀವು ವರಾಂಡದಲ್ಲಿ ಕೂತು ಕೇಳಿಸಿಕೊಳ್ಳಿ ಅಪ್ಪಾಜಿ.

ನಿಮ್ಮ
ಗಿರ್ಜವ್ವ